ಚಹಾ ವಿರಾಮ ಕಾಯುವ ನೌಕರಿ

ಇತ್ತೀಚಿನ ಕೆಲವು ಕನ್ನಡ ಸಾಹಿತ್ಯ ಸಮ್ಮೇಳನಗಳ ದಿನಾಂಕಗಳನ್ನು ಸುಮ್ಮನೆ ಒಂದರ ಕೆಳಗೊಂದು ಬರೆದು ನೋಡಿ. ಧಾರವಾಡದ 84ನೆಯದು 2019ರ ಜನವರಿ 4ರಿಂದ 6. ಹಾವೇರಿಯ 86ನೆಯದು 2023ರ ಜನವರಿ 6ರಿಂದ 8. ಮಂಡ್ಯದ 87ನೆಯದು 2024ರ ಡಿಸೆಂಬರ್ 20ರಿಂದ 22. ಮೂರೂ ಧನುರ್ಮಾಸದಲ್ಲೇ ಬಿದ್ದಿವೆ. ಭಾರತೀಯ ವಿಜ್ಞಾನ ಕಾಂಗ್ರೆಸ್ 2016ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲೂ 2020ರಲ್ಲಿ ಬೆಂಗಳೂರಿನ ಜಿಕೆವಿಕೆಯಲ್ಲೂ ಸೇರಿದಾಗ ಜನವರಿ 3ರಿಂದ 7. ವಿಜ್ಞಾನಿಗಳು ಪಂಚಾಂಗ ನೋಡಿ ದಿನ ಗೊತ್ತುಮಾಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಸಮ್ಮೇಳನ ಸಂಘಟಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಪಂಚಾಂಗ ನೋಡಿಯೇ ನೋಡುತ್ತಾರೆ. ಧನುರ್ಮಾಸದಲ್ಲಿ ಮದುವೆಯಿಲ್ಲ. ಮದುವೆಯಿಲ್ಲ ಎಂದರೆ ಸಭಾಂಗಣ ಖಾಲಿ, ಅಡುಗೆಯವರು ಖಾಲಿ, ಕುರ್ಚಿ, ಶಾಮಿಯಾನ, ಹೂವಿನವರು, ಧ್ವನಿವರ್ಧಕದವರು ಎಲ್ಲರೂ ಫೋನ್ ಎತ್ತುತ್ತಾರೆ. ಅದೇ ಮಾಘ ಮಾಸದ ಭಾನುವಾರಕ್ಕೆ ಹಾಲ್ ಕೇಳಿದರೆ ‘ಮುಹೂರ್ತದ ದಿನ ಸ್ವಾಮಿ’ ಎಂಬ ಉತ್ತರ ಬರುತ್ತದೆ, ದರದ ಮಾತು ಆಮೇಲೆ.

ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಇಲ್ಲದ ಇಂಥ ಸಂಗತಿಗಳನ್ನು ಕಲಿಯಬೇಕಾದ ಒಂದು ನೌಕರಿಗೆ ಬೆಂಗಳೂರಿನಲ್ಲಿ ವರ್ಷವರ್ಷವೂ ಹೊಸ ಪದವೀಧರರು ಸೇರುತ್ತಿದ್ದಾರೆ. ಬಿಕಾಂ ಮಾಡಿದವರು, ಪತ್ರಿಕೋದ್ಯಮ ಓದಿದವರು, ಬಯೋಟೆಕ್ನಾಲಜಿ ಎಂಎಸ್ಸಿ ಮುಗಿಸಿ ಲ್ಯಾಬ್ ಬೇಡವೆನಿಸಿದವರು. ಇಂಥದೇ ಪದವಿ ಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಮಾತ್ರ ಗೊಂದಲ. ನಮ್ಮ ಕಡೆ ಸಮಾರಂಭಕ್ಕೆ ಓಡಾಡುವುದು ಸಂಬಳದ ಕೆಲಸವೆಂದು ಯಾರಿಗೂ ಅನಿಸಿದ್ದಿಲ್ಲ. ಅದು ಮನೆಯ ಚುರುಕು ಹುಡುಗನೋ ಹುಡುಗಿಯೋ ಬಿಟ್ಟಿ ಮಾಡುವ ಕೆಲಸ. 1915ರಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಾಹಿತ್ಯ ಸಮ್ಮೇಳನದ ಪರಂಪರೆಯೂ ಸ್ವಾಗತ ಸಮಿತಿ, ವಸತಿ ಸಮಿತಿ, ಊಟದ ಸಮಿತಿ ಎಂದು ಊರಿನವರ ಬೆವರಿನ ಮೇಲೇ ನಡೆದುಬಂದದ್ದು. ಮಗಳು ಎಂಎಸ್ಸಿ ಓದಿ ಸಭೆಗೆ ಕುರ್ಚಿ ಹಾಕಿಸುತ್ತಾಳೆ ಎಂದರೆ ತಾಯಿಗೆ ನೆಂಟರ ಮುಂದೆ ವಿವರಿಸುವುದು ಕಷ್ಟವೇ.

ಕುರ್ಚಿ ಹಾಕಿಸುವುದು ಈ ಕೆಲಸದ ಚಿಕ್ಕ ಭಾಗ. ಮದುವೆ, ಸಂಗೀತ ಸಂಜೆ, ಕಾರು ಬಿಡುಗಡೆ ಇವೆಲ್ಲ ಇವೆಂಟ್ ಮ್ಯಾನೇಜ್‌ಮೆಂಟ್‌ನವರ ಪಾಲು. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ಮೂಲತಃ ಪ್ರದರ್ಶನ, ಅಲ್ಲಿ ಮಳಿಗೆ ಮುಖ್ಯ. 1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಮ್’ ಎಂಬ ಹೆಸರಿನಲ್ಲಿ ಹುಟ್ಟಿ ಈಗ ಬೆಂಗಳೂರು ಟೆಕ್ ಸಮ್ಮಿಟ್ ಆಗಿರುವುದು ಮೇಳವೂ ಹೌದು, ಗೋಷ್ಠಿಯೂ ಹೌದು. ನಾನಿಲ್ಲಿ ಹೇಳುತ್ತಿರುವುದು ಸಂಘಗಳ ಸಮ್ಮೇಳನದ ಬಗ್ಗೆ: ಹೃದ್ರೋಗ ತಜ್ಞರು, ಸಸ್ಯವಿಜ್ಞಾನಿಗಳು, ಭೂಕಂಪ ಎಂಜಿನಿಯರುಗಳು, ಗ್ರಂಥಪಾಲಕರು ವರ್ಷಕ್ಕೊಮ್ಮೆ ಒಂದೂರಿನಲ್ಲಿ ಸೇರುವ ಮೂರು ದಿನ. ಜಗತ್ತಿನ ಇಂಥ ಸಭೆಗಳ ಲೆಕ್ಕವಿಡುವ ಐಸಿಸಿಎ ಎಂಬ ಸಂಸ್ಥೆ 1963ರಲ್ಲಿ ಹುಟ್ಟಿತು, ಆಮ್‌ಸ್ಟರ್‌ಡ್ಯಾಂನಲ್ಲಿದೆ. ಅದರ ಲೆಕ್ಕಕ್ಕೆ ಸೇರಬೇಕಾದರೆ ಸಭೆ ನಿಯಮಿತವಾಗಿ ನಡೆಯಬೇಕು, ಕನಿಷ್ಠ ಮೂರು ದೇಶಗಳಲ್ಲಿ ಸುತ್ತಬೇಕು, ಕನಿಷ್ಠ 50 ಮಂದಿಯಾದರೂ ಸೇರಬೇಕು. ಐವತ್ತೇ! ನಮ್ಮಲ್ಲಿ ಒಂದು ನಾಮಕರಣಕ್ಕೂ ಅದಕ್ಕಿಂತ ಹೆಚ್ಚು ಎಲೆ ಬೀಳುತ್ತವೆ. ಆದರೆ ಆ ಐವತ್ತು ಜನ ಒಂದು ವಿಷಯವನ್ನು ಬಲ್ಲ ಜಗತ್ತಿನ ಐವತ್ತು ಜನವಾಗಿರಬಹುದು.

ಹೊಸಬರಿಗೆ ಮೊದಲು ಎದುರಾಗುವುದು ಸಮಿತಿ. ಇಲ್ಲಿ ಗಿರಾಕಿ ಎಂದರೆ ಒಬ್ಬ ಮಾಲೀಕನಲ್ಲ; ಇಪ್ಪತ್ತು ಮಂದಿ ಪ್ರಾಧ್ಯಾಪಕರೋ ವೈದ್ಯರೋ ಇರುವ ಒಂದು ಗುಂಪು. ಯಾರಿಗೂ ಇದಕ್ಕೆ ಸಂಬಳವಿಲ್ಲ, ಎಲ್ಲರಿಗೂ ಇದಕ್ಕಿಂತ ಮುಖ್ಯವಾದ ಕೆಲಸವಿದೆ, ಎಲ್ಲರಿಗೂ ಬ್ಯಾಗಿನ ಬಣ್ಣದ ಬಗ್ಗೆ ಅಭಿಪ್ರಾಯವಿದೆ. ಬ್ಯಾಗಿನ ಬಣ್ಣಕ್ಕೆ ಒಂದೂವರೆ ಗಂಟೆ ಚರ್ಚೆ ನಡೆದು, ಮುಖ್ಯ ಭಾಷಣಕಾರರು ಯಾರು ಎಂಬುದು ‘ಫೋನಿನಲ್ಲಿ ಮಾತಾಡೋಣ’ ಎಂದು ಮುಂದಕ್ಕೆ ಹೋಗುವ ಸಭೆಗಳನ್ನು ನೋಡದ ಸಂಘಟಕರಿಲ್ಲ. ಪ್ರಬಂಧದ ಸಾರಾಂಶ ಕಳಿಸಲು ಕೊನೆಯ ದಿನಾಂಕ ಎಂದು ಪ್ರಕಟಿಸುವುದು ಕೊನೆಯ ದಿನಾಂಕವಲ್ಲ ಎಂಬುದು ಕಳಿಸುವವರಿಗೂ ಗೊತ್ತು, ಪ್ರಕಟಿಸಿದವರಿಗೂ ಗೊತ್ತು. ಅದನ್ನು ಎರಡು ಸಲ ವಿಸ್ತರಿಸಿದ ಮೇಲೆ ಬರುವ ರಾಶಿಯನ್ನು ವಿಷಯವಾರು ವಿಂಗಡಿಸಿ, ಪರಿಶೀಲಕರಿಗೆ ಹಂಚಿ, ಉತ್ತರ ಕೊಡದ ಪರಿಶೀಲಕರಿಗೆ ಮತ್ತೆ ಮತ್ತೆ ನೆನಪಿಸಬೇಕು. ನಾನು ಕಂಡಂತೆ ಇಪ್ಪತ್ತೆರಡು ವರ್ಷದ ಹುಡುಗಿ ಅರವತ್ತು ವರ್ಷದ ಮೇಷ್ಟ್ರಿಗೆ ಸಿಟ್ಟು ಬರದ ಹಾಗೆ ನಾಲ್ಕನೆಯ ಸಲ ನೆನಪಿಸುವುದನ್ನು ಕಲಿತಳೆಂದರೆ ಈ ಕಸುಬಿನ ಅರ್ಧ ಅವಳಿಗೆ ಬಂದಂತೆ. ಇಮೇಲ್‌ಗೆ ಮೌನವಾಗಿರುವವರು ವಾಟ್ಸ್ಆ್ಯಪ್‌ಗೆ ಮಾತಾಡುತ್ತಾರೆ. ಅದಕ್ಕೂ ಮೌನವಿದ್ದರೆ ಅವರ ವಿಭಾಗದ ಗುಮಾಸ್ತರನ್ನು ಹಿಡಿಯಬೇಕು. ಆ ಗುಮಾಸ್ತರ ಹೆಸರು, ಊಟದ ಹೊತ್ತು ಗೊತ್ತಿರುವ ಸಂಘಟಕರೇ ಗೆಲ್ಲುವುದು.

ಇನ್ನೊಂದು ರಗಳೆ ಹೆಸರುಗಳದ್ದು. ನೋಂದಣಿಯ ತಂತ್ರಾಂಶಗಳೆಲ್ಲ ಮನುಷ್ಯನಿಗೆ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಇರುತ್ತವೆಂದು ನಂಬಿ ತಯಾರಾದವು. ನಮ್ಮವರಿಗೆ ಊರಿನ ಇನಿಷಿಯಲ್ ಒಂದು, ಅಪ್ಪನದು ಒಂದು, ಆಮೇಲೆ ಹೆಸರು. ಎಚ್.ಎಂ. ಶಿವಕುಮಾರ ಎಂಬವರು ಆ ಖಾನೆಗಳನ್ನು ಹೇಗೋ ತುಂಬಿಸಿರುತ್ತಾರೆ. ಬ್ಯಾಡ್ಜಿನಲ್ಲಿ ದೊಡ್ಡದಾಗಿ ‘ಎಚ್’ ಎಂದು ಅಚ್ಚಾಗಿ ಕೆಳಗೆ ಚಿಕ್ಕದಾಗಿ ಉಳಿದದ್ದು ಬರುತ್ತದೆ. ಬ್ಯಾಡ್ಜಾದರೆ ನಗು, ಪ್ರಮಾಣಪತ್ರವಾದರೆ ಜಗಳ. ಬಡ್ತಿಯ ಕಡತದಲ್ಲಿ ಅದನ್ನು ಇಡಬೇಕಾದ ಕಾಲೇಜು ಅಧ್ಯಾಪಕರಿಗೆ ಒಂದಕ್ಷರ ತಪ್ಪಿದರೂ ನಡೆಯದು. ವಿದೇಶದಿಂದ ಬರುವವರದು ಇನ್ನೂ ಬಿಗಿ: ಆಹ್ವಾನ ಪತ್ರದ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಸಮ್ಮೇಳನಕ್ಕೆ ಬರುವ ವಿದೇಶಿಯರಿಗೆ ಭಾರತ ಸರ್ಕಾರ ಕಾನ್ಫರೆನ್ಸ್ ವೀಸಾ ಎಂದೇ ಪ್ರತ್ಯೇಕವಾಗಿ ಕೊಡುತ್ತದೆ. ಅದಕ್ಕೆ ಸಂಘಟಕರು ವಿದೇಶಾಂಗ ಸಚಿವಾಲಯದಿಂದ ರಾಜಕೀಯ ಅನುಮತಿ, ಗೃಹ ಸಚಿವಾಲಯದಿಂದ ಕಾರ್ಯಕ್ರಮದ ಅನುಮತಿ ತರಬೇಕು. ಈ ಕಾಗದ ತಿಂಗಳುಗಟ್ಟಲೆ ಮೊದಲೇ ಹೊರಡಬೇಕು. ಬರುವವರು ಯಾರೆಂದು ಸಮಿತಿ ನಿರ್ಧರಿಸುವುದು ಕೊನೆಗೆ. ಇವೆರಡರ ನಡುವೆ ನಿಂತಿರುವವರೇ ಸಂಘಟಕರು. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ತನ್ನ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳ ಆನ್‌ಲೈನ್ ಅಂತರರಾಷ್ಟ್ರೀಯ ಗೋಷ್ಠಿಗಳಿಗೂ ಮುಂಚಿತ ಅನುಮತಿ ಬೇಕೆಂದಿತು. ವಿಜ್ಞಾನ ಅಕಾಡೆಮಿಗಳು ಆಕ್ಷೇಪಿಸಿದ ಮೇಲೆ ಮರುತಿಂಗಳೇ ಅದನ್ನು ಹಿಂತೆಗೆದುಕೊಂಡಿತು. ಆ ಒಂದು ತಿಂಗಳು ಜೂಮ್ ಕೊಂಡಿ ಕಳಿಸಲೂ ದೆಹಲಿಯ ಕಡೆ ನೋಡಬೇಕಾದ ಸ್ಥಿತಿಯಿತ್ತು.

ದುಡ್ಡಿನ ವಿಚಾರ ಪದವಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ಬಿಕಾಂನಲ್ಲೂ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಸಭಾಂಗಣ, ವೇದಿಕೆ, ಧ್ವನಿ-ಬೆಳಕು, ಅತಿಥಿಗಳ ಪ್ರಯಾಣ ಇವೆಲ್ಲ ಎಷ್ಟು ಜನ ಬಂದರೂ ಬದಲಾಗದ ಖರ್ಚು. ಅದು 12 ಲಕ್ಷ ರೂಪಾಯಿ. ಊಟ, ಚಹಾ, ಕಿಟ್, ಬ್ಯಾಡ್ಜು ಸೇರಿ ತಲೆಗೆ 3,500. ತೆರಿಗೆ ಬಿಟ್ಟು ಪ್ರತಿನಿಧಿ ಶುಲ್ಕ 6,000. ಅಂದರೆ ಒಬ್ಬ ಪ್ರತಿನಿಧಿಯಿಂದ ಉಳಿಯುವುದು 2,500. ಬದಲಾಗದ ಖರ್ಚು ಹುಟ್ಟಬೇಕಾದರೆ 480 ಜನ ಬರಬೇಕು. ಬರುವವರು 300 ಎಂದಾದರೆ ನಾಲ್ಕೂವರೆ ಲಕ್ಷ ಖೋತಾ. ಆ ಖೋತಾ ತುಂಬುವುದು ಪ್ರಾಯೋಜಕರ ಮಳಿಗೆಗಳು, ಸರ್ಕಾರಿ ಸಂಸ್ಥೆಗಳ ಅನುದಾನ. ಅನುದಾನ ಮಂಜೂರಾದರೂ ಕೈಗೆ ಬರುವುದು ಸಮ್ಮೇಳನ ಮುಗಿದ ಮೇಲೆ ಎಂಬ ಸಂದರ್ಭಗಳುಂಟು, ಸಭಾಂಗಣದವರು ಅಡ್ವಾನ್ಸ್ ಕೇಳುವುದು ಎಂಟು ತಿಂಗಳು ಮೊದಲು. ನಡುವಿನ ಹಣ ಯಾರ ಜೇಬಿನದು ಎಂಬುದೇ ಈ ವ್ಯಾಪಾರದ ಗುಟ್ಟು.

ಊಟದ ಲೆಕ್ಕವಂತೂ ಜೂಜು. ಕೇಟರಿಂಗ್‌ನವರು ಇಷ್ಟು ಪ್ಲೇಟ್ ಗ್ಯಾರಂಟಿ ಎಂದು ಬರೆಸಿಕೊಳ್ಳುತ್ತಾರೆ. ಅದಕ್ಕಿಂತ ಕಡಿಮೆ ಜನ ಉಂಡರೂ ಅಷ್ಟಕ್ಕೂ ದುಡ್ಡು ಕೊಡಬೇಕು. ಉದ್ಘಾಟನೆಯ ದಿನ ಮಧ್ಯಾಹ್ನ ಸಾಲು ಬಾಗಿಲಾಚೆಗೂ ಬೆಳೆಯುತ್ತದೆ. ಆಹ್ವಾನಿತರು, ಅವರ ಡ್ರೈವರುಗಳು, ಪಕ್ಕದ ವಿಭಾಗದವರು, ನಡುಮಧ್ಯಾಹ್ನ ಹಸಿದು ಬಂದ ಹಾಸ್ಟೆಲ್ ಹುಡುಗರು. ಮೂರನೆಯ ದಿನ ಅರ್ಧ ಜನ ಮೈಸೂರು ಅರಮನೆ ನೋಡಲು ಹೋಗಿರುತ್ತಾರೆ. ಒಂದೇ ಸಂಖ್ಯೆಯನ್ನು ಮೂರು ದಿನಕ್ಕೂ ಬರೆಯುವವರು ಹೊಸಬರು. ಅನುಭವಸ್ಥರು ಇಳಿಯುವ ಮೆಟ್ಟಿಲಂತೆ ಬರೆಯುತ್ತಾರೆ.

ವೈದ್ಯರ ಸಮ್ಮೇಳನಗಳಲ್ಲಿ ದುಡ್ಡಿನ ದಾರಿ ಈಚೆಗೆ ತಿರುಗಿದೆ. ಮೊದಲೆಲ್ಲ ಔಷಧ ಕಂಪನಿಗಳು ಡಾಕ್ಟರುಗಳ ವಿಮಾನದ ಟಿಕೆಟ್, ಹೋಟೆಲು ಎಲ್ಲವನ್ನೂ ಹೊರುತ್ತಿದ್ದವು. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಮಾರಾಟ ನೀತಿಸಂಹಿತೆ, ಭಾಷಣಕಾರರನ್ನು ಬಿಟ್ಟು ಉಳಿದ ವೈದ್ಯರಿಗೆ ಕಂಪನಿಗಳು ಪ್ರಯಾಣವನ್ನಾಗಲೀ ವಸತಿಯನ್ನಾಗಲೀ ಕೊಡಬಾರದೆಂದಿತು. ನನ್ನ ಮಟ್ಟಿಗೆ ಇದು ಬರಬೇಕಾದ ನಿಯಮವೇ. ಬಿಸಿ ತಟ್ಟಿದ್ದು ಮಾತ್ರ ಸಂಘಟಕರಿಗೆ: ಸ್ವಂತ ದುಡ್ಡಿನಲ್ಲಿ ಬರುವ ವೈದ್ಯರು ಯಾವ ಗೋಷ್ಠಿ ಕೇಳಲು ಯೋಗ್ಯ ಎಂದು ನೋಡಿ ಬರುತ್ತಾರೆ. ಕಾರ್ಯಕ್ರಮ ಪಟ್ಟಿ ಸಪ್ಪೆಯಾಗಿದ್ದರೆ ಐಷಾರಾಮಿ ಹೋಟೆಲು ಅದನ್ನು ಮುಚ್ಚಲಾರದು.

ಕೆಲಸ ನಿಜವಾಗಿ ಎಲ್ಲಿದೆ ಎಂಬುದು ಈ ಪಟ್ಟಿಯಿಂದಲೇ ಗೊತ್ತಾಗುತ್ತದೆ. ನಮ್ಮ ಉದ್ಘಾಟನೆಗಳನ್ನು ನೆನಪಿಸಿಕೊಳ್ಳಿ. ಹತ್ತಕ್ಕೆ ಎಂದು ಅಚ್ಚಾಗಿರುತ್ತದೆ. ಸಚಿವರು ಹನ್ನೊಂದಕ್ಕೆ ಬರುತ್ತಾರೆ. ಪ್ರಾರ್ಥನೆ, ನಾಡಗೀತೆ, ಗಿಡಕ್ಕೆ ನೀರು ಅಥವಾ ದೀಪ, ಒಬ್ಬೊಬ್ಬರಿಗೂ ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಪ್ರತಿಯೊಂದಕ್ಕೂ ಫೋಟೊ. ಸ್ಮರಣ ಸಂಚಿಕೆಯ ಬಿಡುಗಡೆಯಲ್ಲಿ ಬಣ್ಣದ ಕಾಗದ ಬಿಚ್ಚಲು ಮತ್ತೊಂದಿಷ್ಟು ಹೊತ್ತು. ಪ್ರಾಸ್ತಾವಿಕ ನುಡಿ ಎಂದು ಹತ್ತು ನಿಮಿಷಕ್ಕೆ ನಿಂತವರು ಮೂವತ್ತೈದು ನಿಮಿಷ ಮಾತಾಡುತ್ತಾರೆ. ಕೊನೆಗೆ ವಂದನಾರ್ಪಣೆಯಲ್ಲಿ ಶಾಮಿಯಾನದವರವರೆಗೆ ಎಲ್ಲರನ್ನೂ ನೆನೆಯಬೇಕು, ನೆನೆಯದಿದ್ದರೆ ಬೇಸರ. ಮುಗಿದಾಗ ಒಂದೂಕಾಲು ಗಂಟೆ ತಡ. ಆಗ ವೇದಿಕೆಯ ಮೇಲಿಂದ ಒಂದು ಘೋಷಣೆ ಬರುತ್ತದೆ: ಸಮಯದ ಅಭಾವದಿಂದ ಚಹಾ ವಿರಾಮವನ್ನು ರದ್ದುಮಾಡಿದ್ದೇವೆ, ಚಹಾ ನೀವು ಕೂತಲ್ಲಿಗೇ ಬರುತ್ತದೆ.

ಸಮ್ಮೇಳನ ಸಂಘಟಕರು ಮೈಮೇಲೆ ಬಿದ್ದಾದರೂ ತಡೆಯಬೇಕಾದ ಘೋಷಣೆ ಇದೇ. ಜನ ನೂರಾರು ಮೈಲಿ ಬಂದಿರುವುದು ಭಾಷಣಕ್ಕಲ್ಲ. ಭಾಷಣ ಯೂಟ್ಯೂಬಿನಲ್ಲಿ ಸಿಗುತ್ತದೆ. ಬಂದಿರುವುದು ಆ ಇಪ್ಪತ್ತು ನಿಮಿಷಕ್ಕೆ, ಕಪ್ಪು ಹಿಡಿದುಕೊಂಡು ‘ನಿಮ್ಮ ಪ್ರಬಂಧ ಓದಿದ್ದೆ ಸಾರ್’ ಎನ್ನುವುದಕ್ಕೆ. ವಿಜ್ಞಾನ ಚರಿತ್ರೆಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. 1860ರ ಸೆಪ್ಟೆಂಬರ್ 3ರಿಂದ 5ರವರೆಗೆ ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣದಲ್ಲಿ ಸುಮಾರು 140 ರಸಾಯನಶಾಸ್ತ್ರಜ್ಞರು ಸೇರಿದರು. ಪರಮಾಣು ತೂಕಗಳ ಬಗ್ಗೆ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗಿದ್ದ ಕಾಲ ಅದು. ಸಭೆ ಸೇರಿಸುವ ಯೋಚನೆ ಕೆಕುಲೆಯದು, ಸ್ಥಳೀಯ ವ್ಯವಸ್ಥೆಯ ಭಾರ ಹೊತ್ತವರು ಅಲ್ಲಿನ ಪಾಲಿಟೆಕ್ನಿಕ್‌ನ ಪ್ರಾಧ್ಯಾಪಕ ವೆಲ್ಟ್‌ಸೀನ್. ಮೂರು ದಿನದ ವಾದದಲ್ಲಿ ಒಮ್ಮತವೇನೂ ಹುಟ್ಟಲಿಲ್ಲ. ವರದಿ ಬರೆಯುವವರ ದೃಷ್ಟಿಯಲ್ಲಿ ಅದು ಸೋತ ಸಮ್ಮೇಳನ. ಆದರೆ ಮುಗಿದು ಜನ ಹೊರಡುವ ಹೊತ್ತಿಗೆ ಪಾವೇಸಿ ಎಂಬ ಇಟಲಿಯವರೊಬ್ಬರು ತಮ್ಮ ಗೆಳೆಯ ಕಾನಿಜಾರೊ ಪರಮಾಣು ತೂಕಗಳ ಬಗ್ಗೆ ಬರೆದಿದ್ದ ಚಿಕ್ಕ ಹೊತ್ತಗೆಯೊಂದನ್ನು ಕೈಗೆ ಸಿಕ್ಕವರಿಗೆಲ್ಲ ಹಂಚಿದರು. ಲೋಥರ್ ಮೇಯರ್ ಅದನ್ನು ಓದಿ ದಾರಿ ಕಂಡುಕೊಂಡರು. ಅದೇ ಸಮ್ಮೇಳನಕ್ಕೆ ಬಂದಿದ್ದ 26 ವರ್ಷದ ಮೆಂಡಲೀವ್ ಕಾನಿಜಾರೊನ ತೂಕಗಳನ್ನು ಮನಸ್ಸಿಗಿಳಿಸಿಕೊಂಡು ರಷ್ಯಾಕ್ಕೆ ಹೋದರು. 1869ರಲ್ಲಿ ಅವರ ಆವರ್ತ ಕೋಷ್ಟಕ ಬಂತು. ಅಂದು ಕಾರ್ಯಕ್ರಮ ತಡವಾಯಿತೆಂದು ಎಲ್ಲರನ್ನೂ ನೇರ ರೈಲಿಗೆ ಹತ್ತಿಸಿದ್ದರೆ ಹೊತ್ತಗೆ ಹಂಚಲು ಪಾವೇಸಿಗೆ ಜನ ಎಲ್ಲಿ ಸಿಗುತ್ತಿದ್ದರು?

ಇದಕ್ಕೇ ನಾನು ವಿಷಯ ಬಲ್ಲ ಪದವೀಧರರು ಈ ಕೆಲಸಕ್ಕೆ ಹೆಚ್ಚು ಹೊಂದುತ್ತಾರೆ ಎನ್ನುವುದು. ಬಯೋಟೆಕ್ನಾಲಜಿ ಓದಿದ ಹುಡುಗಿ ಸಾರಾಂಶಗಳ ರಾಶಿಯನ್ನು ನೋಡಿ ಈ ಎರಡು ಪೋಸ್ಟರು ಅಕ್ಕಪಕ್ಕ ಇರಲಿ ಎನ್ನಬಲ್ಲಳು. ಪೋಸ್ಟರುಗಳನ್ನು ನೆಲಮಾಳಿಗೆಗೆ ತಳ್ಳದೆ ಚಹಾ ಮೇಜಿನ ದಾರಿಯಲ್ಲೇ ನಿಲ್ಲಿಸಬೇಕೆಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ, ನೆಲಮಾಳಿಗೆಯಲ್ಲಿ ನಿಂತು ಯಾರೂ ಬಾರದೆ ಬೇಸತ್ತದ್ದು ಅವಳಿಗೆ ನೆನಪಿರುತ್ತದೆ. ಗೋಷ್ಠಿಯ ಅಧ್ಯಕ್ಷರಿಗೆ ಸಮಯದ ಚೀಟಿ ಕೊಡುವಾಗಲೂ ಅಷ್ಟೆ. ಮಾತು ಬಂಗಾರವಾಗಿರುವಾಗ ಎರಡು ನಿಮಿಷ ತಡೆದು ಕೊಡುವುದು, ಹಳೇ ಸ್ಲೈಡುಗಳ ಪಾರಾಯಣವಾಗಿದ್ದರೆ ಎರಡು ನಿಮಿಷ ಮೊದಲೇ ಕೊಡುವುದು, ಇದು ಕೇಳಿ ಅರ್ಥವಾಗುವವರಿಗೆ ಮಾತ್ರ ಸಾಧ್ಯ.

ಬೆಂಗಳೂರಿನಲ್ಲಿ ಈ ವಿದ್ಯೆ ಬಹಳಷ್ಟು ಸಂಬಳವಿಲ್ಲದೆ ಕಲಿತವರಿಂದ ಬಂತು. 2001ರಲ್ಲಿ ಲಿನಕ್ಸ್ ಆಸಕ್ತರು ಶುರುಮಾಡಿದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು 2012ರವರೆಗೆ ನಡೆಯಿತು. ಮೊದಲ ಪೈಕಾನ್ ಇಂಡಿಯಾ 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆದದ್ದು ಸ್ವಯಂಸೇವಕರಿಂದಲೇ. ಇಂಥ ಪರಿಸರದಲ್ಲೇ ಹ್ಯಾಸ್‌ಗೀಕ್‌ನಂಥ ಸಂಸ್ಥೆ ತಂತ್ರಜ್ಞರ ಸಮ್ಮೇಳನಗಳನ್ನೇ ವೃತ್ತಿಯಾಗಿ ನಡೆಸತೊಡಗಿತು. ಕಾಲೇಜು ಫೆಸ್ಟಿನಲ್ಲಿ ಸ್ಪಾನ್ಸರ್ ಹುಡುಕಿದ್ದಕ್ಕಿಂತ ಇಂಥ ಕಡೆ ಎರಡು ದಿನ ನೋಂದಣಿ ಮೇಜಿನಲ್ಲಿ ಕೂತ ಅನುಭವ ಸಂದರ್ಶನದಲ್ಲಿ ಹೆಚ್ಚು ತೂಗುತ್ತದೆ.

ನಗರಕ್ಕೊಂದು ಕೊರತೆಯೂ ಇದೆ. ತುಮಕೂರು ರಸ್ತೆಯ ಮಾದಾವರದಲ್ಲಿ 2007ರಲ್ಲಿ ಯಂತ್ರೋಪಕರಣ ತಯಾರಕರ ಸಂಘ ಕಟ್ಟಿಸಿದ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರಕ್ಕೆ ಮೆಟ್ರೊ ತಲುಪಿದ್ದು 2024ರ ನವೆಂಬರಿನಲ್ಲಿ. ಅಲ್ಲಿಯವರೆಗೆ ಪ್ರತಿನಿಧಿಗಳನ್ನು ಬಸ್ಸಿನಲ್ಲಿ ಸಾಗಿಸುವುದೇ ಒಂದು ಪ್ರತ್ಯೇಕ ಸಮ್ಮೇಳನವಾಗಿತ್ತು. ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಂಗಣ, ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣ ಮಧ್ಯಮ ಗಾತ್ರದವಕ್ಕೆ ಚೆನ್ನ. ಸಾವಿರಾರು ಜನರ ಜಾಗತಿಕ ಸಭೆ ಎಂದ ಕೂಡಲೇ ಮಾತು ಹೈದರಾಬಾದಿಗೆ ಹೋಗುತ್ತದೆ. ಅಲ್ಲಿನ ಕನ್ವೆನ್ಷನ್ ಸೆಂಟರ್ 2006ರಲ್ಲಿ ತೆರೆಯಿತು. ಗಣಿತಜ್ಞರ ಜಾಗತಿಕ ಕಾಂಗ್ರೆಸ್ 2010ರಲ್ಲಿ, ಸ್ಫಟಿಕಶಾಸ್ತ್ರಜ್ಞರದ್ದು 2017ರಲ್ಲಿ ನಡೆದದ್ದು ಅಲ್ಲೇ. ಸ್ಫಟಿಕಶಾಸ್ತ್ರಕ್ಕೆ ಬೆಂಗಳೂರು ತವರಿನಂಥ ಊರು. ಆ ಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ 2011ರಿಂದ 2014ರವರೆಗೆ ಅಧ್ಯಕ್ಷರಾಗಿದ್ದ ಗೌತಮ್ ದೇಸಿರಾಜು ನಮ್ಮ ವಿಜ್ಞಾನ ಸಂಸ್ಥೆಯವರು. ಸಭೆ ಎಲ್ಲಿ ಸೇರಬೇಕೆಂಬುದಕ್ಕೆ ಕಾರಣ ಹಲವಿರುತ್ತವೆ, ಆದರೆ ಒಂದೇ ಸೂರಿನಡಿ ದೊಡ್ಡ ಹಾಲು, ಹೋಟೆಲು, ಹತ್ತಾರು ಸಣ್ಣ ಕೋಣೆ ಇಲ್ಲದ ಊರು ಆತಿಥ್ಯಕ್ಕಾಗಿ ಹಾಕುವ ಬಿಡ್‌ನಲ್ಲಿ ಮೊದಲೇ ಒಂದು ಹೆಜ್ಜೆ ಹಿಂದಿರುತ್ತದೆ. ದೊಡ್ಡ ಬಿಡ್‌ಗಳನ್ನು ವರ್ಷಗಳ ಮೊದಲೇ ಬರೆಯಬೇಕಾಗುವುದರಿಂದ, ಇಂದು ಕೆಲಸಕ್ಕೆ ಸೇರಿದವರು ಬರೆದ ಕಾಗದ ಫಲಿಸುವ ಹೊತ್ತಿಗೆ ಅವರು ಮೂರನೆಯ ಕಂಪನಿಯಲ್ಲಿರುವುದೂ ಉಂಟು.

ಸೇರುವವರು ಸಂಬಳದ ಜೊತೆಗೆ ಇನ್ನೂ ಕೆಲವನ್ನು ಕೇಳಿ ತಿಳಿಯಬೇಕು. ಶುರುವಿನ ಸಂಬಳ ಐಟಿಯವರಷ್ಟು ಇರುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಆದರೆ ಕಂಪನಿ ಸಮ್ಮೇಳನದ ನಷ್ಟವನ್ನು ಹೊರುತ್ತದೆಯೋ ಅಥವಾ ಶುಲ್ಕಕ್ಕೆ ಮಾತ್ರ ದುಡಿಯುತ್ತದೆಯೋ? ನಷ್ಟ ಹೊರುವ ಕಡೆ ಸುಗ್ಗಿ ಕೆಟ್ಟ ವರ್ಷ ಸಂಬಳ ತಡವಾಗುತ್ತದೆ. ಭಾನುವಾರಗಳ ಬದಲಿ ರಜೆ ಬಾಯಿಮಾತೋ ಬರಹವೋ? ಹಿಂದಿನ ದಿನದ ಆರತಕ್ಷತೆ ಮುಗಿದು ಸಭಾಂಗಣ ಕೈಗೆ ಬರುವುದು ರಾತ್ರಿ ಹನ್ನೊಂದರ ಮೇಲೆ, ವೇದಿಕೆ ಕಟ್ಟುವುದು ಬೆಳಗಿನ ನಾಲ್ಕರವರೆಗೆ. ಆ ಹೊತ್ತಿಗೆ ಹುಡುಗಿಯರಿಗೆ ಮನೆಗೆ ಕ್ಯಾಬು ಯಾರು ಕೊಡುತ್ತಾರೆ, ಅಲ್ಲೇ ಕೋಣೆ ಇದೆಯೇ? ಇವಕ್ಕೆ ‘ಅಡ್ಜಸ್ಟ್ ಮಾಡ್ಕೊಳ್ಳೋಣ’ ಎಂಬ ಉತ್ತರ ಬಂದರೆ ಬೇರೆ ಕಂಪನಿ ನೋಡುವುದು ಲೇಸು.

ಸಮ್ಮೇಳನ ಮುಗಿದ ಮೇಲೆ ಕಾರ್ಡ್‌ಬೋರ್ಡ್ ಪೆಟ್ಟಿಗೆಗಳ ತುಂಬ ಉಳಿದ ಬ್ಯಾಗುಗಳು, ಹಂಚದ ಸ್ಮರಣ ಸಂಚಿಕೆಗಳು ಆಫೀಸಿಗೆ ಬರುತ್ತವೆ. ಪ್ರತಿನಿಧಿಗಳಿಗೆ ಸಮ್ಮೇಳನ ಮೂರು ದಿನ, ಸಂಘಟಕರಿಗೆ ಇನ್ನೂ ಎರಡು ಮೂರು ತಿಂಗಳು. ಜಿಎಸ್‌ಟಿ ಇನ್‌ವಾಯ್ಸ್ ಹೊಂದಿಸಬೇಕು, ಟಿಡಿಎಸ್ ಕಟ್ಟಬೇಕು, ಪ್ರಾಯೋಜಕರ ಕೊನೆಯ ಕಂತಿಗೆ ಬೆನ್ನುಹತ್ತಬೇಕು, ಅನುದಾನ ಕೊಟ್ಟ ಇಲಾಖೆಗೆ ಬಳಕೆ ಪ್ರಮಾಣಪತ್ರ ಕಳಿಸಬೇಕು, ಅದಕ್ಕೆ ಸಮಿತಿಯ ಖಜಾಂಚಿಯ ಸಹಿ ಬೇಕು, ಖಜಾಂಚಿ ವಿದೇಶ ಪ್ರವಾಸದಲ್ಲಿರುತ್ತಾರೆ.